ನನ್ನ ಕಂಪ್ಯೂಟರಿನಲ್ಲಿ ಓಡುತ್ತೆ, ಅಂಗಡಿಯಲ್ಲಿ ಓಡಲ್ಲ

ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಚಾಮರಾಜಪೇಟೆ ಕಡೆಯ ಸಣ್ಣ ಅಂಗಡಿ ಮತ್ತು ಪ್ರೆಸ್ಸುಗಳಿಗೆ ನಾನು ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುತ್ತೇನೆ. ಬರೆಯುವುದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಪರದೆಗೆ ಕ್ಯೂಟಿ, ಡೇಟಾಗೆ ಎಸ್‌ಕ್ಯೂಲೈಟ್, ಎಲ್ಲವನ್ನೂ ಕಟ್ಟಿ ಇಎಕ್ಸ್‌ಇ (ಡಬಲ್ ಕ್ಲಿಕ್ ಮಾಡಿದರೆ ಓಡುವ ಫೈಲ್) ಮಾಡುವುದಕ್ಕೆ ಪೈಇನ್‌ಸ್ಟಾಲರ್. ಅಂಗಡಿಯವರಿಗೆ ಪೈಥಾನ್ ಹಾಕಿಕೊಳ್ಳಿ ಅಂತ ಹೇಳುವಂತಿಲ್ಲ. ಇಂಟರ್ನೆಟ್ ಇಲ್ಲದಿದ್ದರೂ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಪ್ರೋಗ್ರಾಂ ಏಳಬೇಕು, ಅಷ್ಟೇ.

ಈ ಕೆಲಸದಲ್ಲಿ ನನ್ನನ್ನು ಜಾಸ್ತಿ ಓಡಾಡಿಸಿದ ಬಗ್‌ಗಳು (ಪ್ರೋಗ್ರಾಂನ ದೋಷಗಳು) ಲೆಕ್ಕದ ಬಗ್‌ಗಳಲ್ಲ. ಜಿಎಸ್‌ಟಿ ಸರಿಯಾಗೇ ಕೂಡುತ್ತದೆ, ಸ್ಟಾಕ್ ಸರಿಯಾಗೇ ಕಳೆಯುತ್ತದೆ. ತೊಂದರೆ ಬರುವುದು ಅದೇ ಪ್ರೋಗ್ರಾಂ ಇನ್ನೊಂದು ಕಂಪ್ಯೂಟರಿಗೆ ಹೋದಾಗ. ಆದ್ದರಿಂದ ದೂರು ಬಂದರೆ ನಾನು ಮೊದಲು ಕೋಡ್ ತೆಗೆಯುವುದಿಲ್ಲ. ಪ್ರೋಗ್ರಾಂ ಎಲ್ಲಿಂದ ಓಡುತ್ತಿದೆ, ಯಾವ ಫೋಲ್ಡರಿನಲ್ಲಿ ಬರೆಯುತ್ತಿದೆ, ಯಾವ ವಿಂಡೋಸ್, ಯಾವ ಭಾಷೆಯ ಸೆಟ್ಟಿಂಗ್, ಇವನ್ನು ಮೊದಲು ನೋಡುತ್ತೇನೆ. ಉತ್ತರ ಬಹುತೇಕ ಅಲ್ಲೇ ಸಿಗುತ್ತದೆ.

ಒಂದು ಬಟ್ಟೆ ಅಂಗಡಿಯ ವಿಷಯ ಹೇಳುತ್ತೇನೆ. ಪ್ರೋಗ್ರಾಂ ನನ್ನದಲ್ಲ, ಬೇರೆ ಯಾರೋ ಮಾಡಿಕೊಟ್ಟದ್ದು, ಅವರು ಊರಲ್ಲಿರಲಿಲ್ಲ. ಮಾಲೀಕರ ದೂರು ಇಷ್ಟೇ: "ನಿನ್ನೆ ಹಾಕಿದ ಬಿಲ್ಲು ಇವತ್ತು ಇಲ್ಲ." ಎಲ್ಲಾ ಹೋಗಿದೆಯಾ, ಕೆಲವು ಹೋಗಿವೆಯಾ ಅಂತ ಕೇಳಿದೆ. ಬಿಲ್ಲು ಒಂದೂ ಇಲ್ಲ, ಆದರೆ ಸೀರೆ, ಪಂಚೆ, ಬ್ಲೌಸ್ ಪೀಸುಗಳ ಪಟ್ಟಿ ಹಾಗೇ ಇದೆ ಅಂದರು. ಆ ಪಟ್ಟಿ ಯಾವಾಗ ಹಾಕಿದ್ದು? ಪ್ರೋಗ್ರಾಂ ಕೊಡುವಾಗಲೇ ಅದರೊಳಗೆ ತುಂಬಿ ಕೊಟ್ಟಿದ್ದರಂತೆ. ಅಂದರೆ ಕಟ್ಟುವಾಗ ಇದ್ದದ್ದು ಉಳಿದಿದೆ, ಆಮೇಲೆ ಸೇರಿಸಿದ್ದು ಮಾತ್ರ ಹೋಗಿದೆ. ಇಷ್ಟು ಕೇಳಿದ ಮೇಲೆ ಎಲ್ಲಿ ನೋಡಬೇಕು ಅನ್ನುವುದು ಗೊತ್ತಾಯಿತು.

ಪೈಇನ್‌ಸ್ಟಾಲರ್‌ನಲ್ಲಿ ಒನ್‌ಫೈಲ್ ಅಂತ ಒಂದು ಬಗೆ ಇದೆ. ಎಲ್ಲವೂ ಒಂದೇ ಇಎಕ್ಸ್‌ಇ ಒಳಗೆ ಸೇರುತ್ತದೆ. ಆದರೆ ಓಡಿಸಿದಾಗ ಅದು ವಿಂಡೋಸ್‌ನ ಟೆಂಪ್ ಫೋಲ್ಡರಿನಲ್ಲಿ ಎಂಇಐ ಎಂದು ಶುರುವಾಗುವ, ಮುಂದೆ ಅಂಕಿಗಳಿರುವ ಹೊಸ ಫೋಲ್ಡರ್ ಮಾಡಿ ಅಲ್ಲಿ ತನ್ನನ್ನು ಬಿಚ್ಚಿಕೊಳ್ಳುತ್ತದೆ. ಮುಚ್ಚಿದಾಗ ಆ ಫೋಲ್ಡರನ್ನು ಅಳಿಸುತ್ತದೆ. ಆ ಪ್ರೋಗ್ರಾಂನ ಡೇಟಾಬೇಸ್ ಇದ್ದದ್ದು ಅದೇ ಫೋಲ್ಡರಿನಲ್ಲಿ! ನಾನು ಪ್ರೋಗ್ರಾಂ ತೆರೆದು ಒಂದು ಸುಳ್ಳು ಬಿಲ್ಲು ಹಾಕಿದೆ, ಪಕ್ಕದಲ್ಲೇ ಟೆಂಪ್ ಫೋಲ್ಡರ್ ತೆರೆದಿಟ್ಟೆ. ಡೇಟಾಬೇಸ್ ಫೈಲಿನ ಸಮಯ ಬದಲಾಯಿತು. ಪ್ರೋಗ್ರಾಂ ಮುಚ್ಚಿದೆ. ಮಾಲೀಕರು ನೋಡುತ್ತಿದ್ದಂತೆ ಇಡೀ ಫೋಲ್ಡರ್ ಮಾಯ.

ಅಲ್ಲಿಗೇ ಮುಗಿಯಲಿಲ್ಲ, ಒಂದು ಒಳ್ಳೆಯ ಸಂಗತಿಯೂ ಸಿಕ್ಕಿತು. ಟೆಂಪ್‌ನಲ್ಲಿ ಹಳೆ ದಿನಾಂಕದ ಇನ್ನೂ ಕೆಲವು ಎಂಇಐ ಫೋಲ್ಡರುಗಳಿದ್ದವು. ಪ್ರೋಗ್ರಾಂ ಕ್ರ್ಯಾಶ್ ಆದರೆ ಅಥವಾ ಕರೆಂಟ್ ಹೋದರೆ ಅಳಿಸುವ ಕೆಲಸ ನಡೆಯುವುದೇ ಇಲ್ಲ. ಆ ಅಂಗಡಿಯಲ್ಲಿ ಯುಪಿಎಸ್ ಇರಲಿಲ್ಲ. ಕರೆಂಟ್ ಹೋದ ದಿನಗಳ ಬಿಲ್ಲುಗಳೆಲ್ಲ ಹಾಗೇ ಉಳಿದಿದ್ದವು. ಒಂದೊಂದು ಫೈಲನ್ನೂ ಬೇರೆ ಕಡೆ ನಕಲು ಮಾಡಿ, ಎಸ್‌ಕ್ಯೂಲೈಟ್‌ನ ಇಂಟಿಗ್ರಿಟಿ ಚೆಕ್ (ಫೈಲ್ ಕೆಟ್ಟಿದೆಯಾ ಅಂತ ನೋಡುವ ಪರೀಕ್ಷೆ) ಓಡಿಸಿ, ಒಟ್ಟುಗೂಡಿಸಿದೆವು. ಉಳಿದ ದಿನಗಳದ್ದನ್ನು ಪ್ರಿಂಟ್ ಆದ ಬಿಲ್ಲುಗಳನ್ನು ನೋಡಿ ಮತ್ತೆ ಟೈಪ್ ಮಾಡಬೇಕಾಯಿತು. ಯಾರಾದರೂ ಇಂಥದೇ ಸ್ಥಿತಿಯಲ್ಲಿದ್ದರೆ, ಟೆಂಪ್ ಕ್ಲೀನ್ ಮಾಡುವ ಯಾವ ಸಾಫ್ಟ್‌ವೇರನ್ನೂ ಮುಟ್ಟಬೇಡಿ. ಮೊದಲು ಆ ಫೋಲ್ಡರುಗಳನ್ನು ಪೆನ್‌ಡ್ರೈವಿಗೆ ಎತ್ತಿಕೊಳ್ಳಿ.

ಇದರ ಪರಿಹಾರ ಸರಳ. ಓದುವ ಫೈಲು ಬೇರೆ, ಬರೆಯುವ ಫೈಲು ಬೇರೆ. ಐಕಾನ್, ಲೋಗೋ, ಬಿಲ್ಲಿನ ನಮೂನೆ ಇಂಥವು ಪ್ಯಾಕೇಜಿನೊಳಗೆ ಇರಲಿ. ಡೇಟಾಬೇಸ್, ಸೆಟ್ಟಿಂಗ್, ಲಾಗ್ (ಪ್ರೋಗ್ರಾಂ ತಾನೇ ಬರೆದಿಡುವ ದಿನಚರಿ) ಇವು ಬಳಕೆದಾರರ ಲೋಕಲ್ ಆಪ್‌ಡೇಟಾ ಫೋಲ್ಡರಿನಲ್ಲಿ ಇರಲಿ. ಪ್ರೋಗ್ರಾಂ ಫೈಲ್ಸ್ ಒಳಗೂ ಬರೆಯಬೇಡಿ. ಅಲ್ಲಿ ಬರೆಯುವುದಕ್ಕೆ ಅಡ್ಮಿನ್ ಅನುಮತಿ ಬೇಕು, ಇಲ್ಲದಿದ್ದರೆ ಪರ್ಮಿಷನ್ ಎರರ್. "ರನ್ ಆಸ್ ಅಡ್ಮಿನಿಸ್ಟ್ರೇಟರ್ ಮಾಡಿ, ಸರಿಹೋಗುತ್ತೆ" ಅಂತ ಫೋನಿನಲ್ಲಿ ಹೇಳುವುದು ಸುಲಭ. ನಾನು ಹೇಳುವುದಿಲ್ಲ. ಅಡ್ಮಿನ್ ಆಗಿ ಓಡುವ ಪ್ರೋಗ್ರಾಂಗೆ, ಅಂಗಡಿಯವರು ಝಡ್ ಅಂತಲೋ ವೈ ಅಂತಲೋ ಜೋಡಿಸಿಕೊಂಡ ನೆಟ್‌ವರ್ಕ್ ಡ್ರೈವ್ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಒಂದು ತೊಂದರೆ ಹೋಗಿ ಬ್ಯಾಕಪ್ ನಿಂತುಹೋಗುತ್ತದೆ.

ಇನ್ನು ಕನ್ನಡದ ವಿಷಯ. ಇದು ನನಗೆ ತುಂಬಾ ಮುಖ್ಯ, ಯಾಕೆಂದರೆ ನಮ್ಮ ಗಿರಾಕಿಗಳ ಹೆಸರು ಕನ್ನಡದಲ್ಲೇ ಬಿಲ್ಲಿನ ಮೇಲೆ ಬರಬೇಕು ಅನ್ನುವುದು ನನ್ನ ಹಟ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಬಾಕಿ ಪಟ್ಟಿಯನ್ನು ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರೆ ಮಾಡಿದ ಪಠ್ಯ) ಫೈಲಾಗಿ ತೆಗೆಯುವ ಬಟನ್ ಒತ್ತಿದರೆ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಎಲ್ಲಾ ಸಲ ಅಲ್ಲ, ಕೆಲವು ಸಲ ಮಾತ್ರ. ಲಾಗ್ ತೆಗೆದು ನೋಡಿದರೆ ಯೂನಿಕೋಡ್ ಎನ್‌ಕೋಡ್ ಎರರ್, 'ಚಾರ್‌ಮ್ಯಾಪ್' ಕೋಡೆಕ್, ಪೊಸಿಷನ್ 0-6 ಅಂತ ಇತ್ತು.

ಆ 0-6 ಅನ್ನುವುದನ್ನು ಸುಮ್ನೆ ದಾಟಿ ಹೋಗಬಾರದು. 0 ಇಂದ 6 ಅಂದರೆ ಸಾಲಿನ ಶುರುವಿನಲ್ಲೇ 7 ಸಂಕೇತಗಳು. ಸಾಲಿನ ಮೊದಲ ಕಾಲಂ ಗಿರಾಕಿಯ ಹೆಸರು. ಪಟ್ಟಿಯಲ್ಲಿ 'ಮಂಜುನಾಥ' ಅಂತ ಒಂದು ಹೆಸರಿತ್ತು. ಮ, ಸೊನ್ನೆ, ಜ, ಉಕಾರ, ನ, ದೀರ್ಘ, ಥ. ಯೂನಿಕೋಡ್‌ನಲ್ಲಿ ಸರಿಯಾಗಿ 7. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೆಸರುಗಳಷ್ಟೇ ಇದ್ದ ಪಟ್ಟಿ ಸಲೀಸಾಗಿ ಹೊರಬರುತ್ತಿತ್ತು, ಒಂದು ಕನ್ನಡ ಹೆಸರು ಬಂದ ಕೂಡಲೇ ನಿಲ್ಲುತ್ತಿತ್ತು. 'ಕೆಲವು ಸಲ' ಅನ್ನುವುದರ ಗುಟ್ಟು ಇದೇ.

ಕಾರಣ ಏನೆಂದರೆ, ಪೈಥಾನ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಯಾವ ಸಂಕೇತದಲ್ಲಿ ಬರೆಯಬೇಕು ಅನ್ನುವುದು) ಹೇಳದಿದ್ದರೆ ಅದು ವಿಂಡೋಸ್‌ನ ಕೋಡ್‌ಪೇಜ್, ಅಂದರೆ ಅಕ್ಷರಗಳ ಪಟ್ಟಿ, ಹಿಡಿಯುತ್ತದೆ. ಇಂಗ್ಲಿಷ್ ಸೆಟ್ಟಿಂಗಿನ ವಿಂಡೋಸ್‌ನಲ್ಲಿ ಅದು 1252, ಪಶ್ಚಿಮ ಯುರೋಪಿನ ಅಕ್ಷರಗಳದ್ದು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾದರೆ ನನ್ನ ಕಂಪ್ಯೂಟರಿನಲ್ಲಿ ಯಾಕೆ ಓಡುತ್ತಿತ್ತು? ವಿಂಡೋಸ್‌ನ ರೀಜನ್ ಸೆಟ್ಟಿಂಗಿನ ಒಳಗೆ ಯುಟಿಎಫ್-8 (ಕನ್ನಡಕ್ಕೂ ಜಾಗವಿರುವ ಎನ್‌ಕೋಡಿಂಗ್) ಬಳಸು ಅನ್ನುವ 'ಬೀಟಾ' ಟಿಕ್ ಇದೆ. ಕನ್ನಡದ ಕೆಲಸ ಮಾಡುವವರು ಅದನ್ನು ಹಾಕಿಕೊಂಡಿರುತ್ತೇವೆ ಅಲ್ವಾ? ಆ ಟಿಕ್ ಇದ್ದರೆ ಈ ಬಗ್ ಕಣ್ಣಿಗೇ ಬೀಳುವುದಿಲ್ಲ. ಈಗ ನಾನು ಕಟ್ಟಿ ಪರೀಕ್ಷೆ ಮಾಡುವ ಕಂಪ್ಯೂಟರಿನಲ್ಲಿ ಆ ಟಿಕ್ ತೆಗೆದೇ ಇಟ್ಟಿದ್ದೇನೆ. ಪ್ರತಿಯೊಂದು ಫೈಲಿಗೂ ಯುಟಿಎಫ್-8 ಅಂತ ಕೋಡಿನಲ್ಲೇ ಹೇಳುತ್ತೇನೆ. ಎಕ್ಸೆಲ್‌ಗೆ ಹೋಗುವ ಸಿಎಸ್‌ವಿ ಆದರೆ ಯುಟಿಎಫ್-8-ಸಿಗ್ (ಫೈಲಿನ ಶುರುವಿನಲ್ಲಿ ಗುರುತು ಹಾಕುವ ಬಗೆ), ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದಾಗ ಕನ್ನಡದ ಬದಲು ಕಸ ಕಾಣುತ್ತದೆ.

ಪಿಡಿಎಫ್ ಇನ್ನೊಂದು ಕಥೆ. ಕೆಲವು ಪಿಡಿಎಫ್ ಲೈಬ್ರರಿಗಳು ಅಕ್ಷರಗಳನ್ನು ಬಂದ ಕ್ರಮದಲ್ಲೇ ಒಂದರ ಪಕ್ಕ ಒಂದು ಇಟ್ಟುಬಿಡುತ್ತವೆ. 'ಕೃಷ್ಣಪ್ಪ' ಅನ್ನುವುದರಲ್ಲಿ ಒತ್ತಕ್ಷರ ಕೆಳಗೆ ಹೋಗದೆ 'ಕೃಷ್‌ಣಪ್‌ಪ' ಥರ ಬಿದ್ದಿರುತ್ತದೆ. ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್‌ನಂಥ ಎಂಜಿನ್ ಮಾಡಬೇಕು. ಕ್ಯೂಟಿ ಒಳಗೆ ಅದು ಇದೆ, ಅದಕ್ಕೇ ನಾನು ಬಿಲ್ಲನ್ನು ಕ್ಯೂಟಿಯಿಂದಲೇ ಪಿಡಿಎಫ್ ಮಾಡುತ್ತೇನೆ. ಫಾಂಟಿನ ವಿಷಯದಲ್ಲೂ ಕಂಪ್ಯೂಟರನ್ನು ನಂಬುವಂತಿಲ್ಲ. ವಿಂಡೋಸ್ 7ರಲ್ಲಿ ಕನ್ನಡಕ್ಕೆ ತುಂಗಾ ಇದೆ, ನಿರ್ಮಲಾ ಯುಐ ಬಂದದ್ದು ವಿಂಡೋಸ್ 8ರಿಂದ, ವಿಂಡೋಸ್ 10ರಲ್ಲಿ ತುಂಗಾ ಬೇಕಾದರೆ ಬೇರೆಯಾಗಿ ಹಾಕಿಕೊಳ್ಳಬೇಕು. ನೋಟೋ ಸಾನ್ಸ್ ಕನ್ನಡ ಮುಕ್ತ ಪರವಾನಗಿಯ ಫಾಂಟ್, ಅದನ್ನೇ ಪ್ಯಾಕೇಜಿನಲ್ಲಿ ಸೇರಿಸಿಬಿಡಿ.

ವಿಂಡೋಸ್ 7 ಅಂದೆ. ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಅದರ ಬೆಂಬಲ ನಿಲ್ಲಿಸಿತು. ಆದರೆ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದ ಕಂಪ್ಯೂಟರ್ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇನ್ನೂ ಓಡುತ್ತಿರುತ್ತದೆ, ಅದನ್ನು ಬದಲಾಯಿಸಿ ಅಂತ ಹೇಳುವ ಹಕ್ಕು ನನಗಿಲ್ಲ. ಎಪಿಐ-ಎಂಎಸ್-ವಿನ್-ಕೋರ್-ಪಾತ್ ಅಂತ ಶುರುವಾಗುವ ಡಿಎಲ್‌ಎಲ್ (ಪ್ರೋಗ್ರಾಂ ಓಡಲು ಬೇಕಾದ ಸಹಾಯಕ ಫೈಲ್) ಇಲ್ಲ ಅನ್ನುವ ಸಂದೇಶ ಅಲ್ಲಿ ಬಂದರೆ ಡಿಎಲ್‌ಎಲ್ ಹುಡುಕಿಕೊಂಡು ಕಂಡಕಂಡ ಸೈಟಿಗೆ ಹೋಗಬೇಡಿ. ಪೈಥಾನ್ 3.9ರಿಂದ ಮುಂದಕ್ಕೆ ವಿಂಡೋಸ್ 7ರಲ್ಲಿ ಓಡುವುದಿಲ್ಲ, ಅಷ್ಟೇ ವಿಷಯ. ಆ ಅಂಗಡಿಗೆ ಪೈಥಾನ್ 3.8, ಕ್ಯೂಟಿ 5 ಇಟ್ಟು ಬೇರೆ ಬಿಲ್ಡ್ (ಕಟ್ಟಿದ ಪ್ರತಿ) ಮಾಡಬೇಕು. 32 ಬಿಟ್ ವಿಂಡೋಸ್ ಆದರೆ 32 ಬಿಟ್ ಪೈಥಾನ್‌ನಿಂದಲೇ ಕಟ್ಟಬೇಕು. 0xಸಿ000007ಬಿ ಅನ್ನುವ ಸಂಖ್ಯೆ ಕಂಡರೆ 32 ಮತ್ತು 64 ಬಿಟ್ ಫೈಲುಗಳು ಬೆರೆತಿವೆಯಾ ಅಂತ ಮೊದಲು ನೋಡಿ.

ಡಬಲ್ ಕ್ಲಿಕ್ ಮಾಡಿದರೆ ಏನೋ ಮಿಂಚಿ ಮಾಯವಾಗುವ ಬಗ್ ಬಂದರೆ ನನ್ನ ಕ್ರಮ ಹೀಗಿದೆ. ಮೊದಲು ಕನ್ಸೋಲ್ (ಸಂದೇಶಗಳು ಬರುವ ಕಪ್ಪು ಕಿಟಕಿ) ಇರುವ ಬಿಲ್ಡ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆದು ಅದರಿಂದ ಓಡಿಸುತ್ತೇನೆ. ಆಗ ಸಂದೇಶ ಪರದೆಯಲ್ಲೇ ಉಳಿಯುತ್ತದೆ. ಮಾಡ್ಯೂಲ್ (ಕೋಡಿನ ಒಂದು ಭಾಗ) ಸಿಗಲಿಲ್ಲ ಅಂದರೆ ಅದರ ಹೆಸರನ್ನು ಪೈಇನ್‌ಸ್ಟಾಲರ್‌ಗೆ 'ಹಿಡನ್ ಇಂಪೋರ್ಟ್' ಅಂತ ಹೇಳಬೇಕು. ಕೋಡ್ ಓಡುವಾಗ ಹೆಸರು ಕಟ್ಟಿ ತರಿಸಿಕೊಳ್ಳುವ ಮಾಡ್ಯೂಲುಗಳು ಅದಕ್ಕೆ ಕಾಣುವುದಿಲ್ಲ. ಬಿಲ್ಡ್ ಫೋಲ್ಡರಿನಲ್ಲಿ ವಾರ್ನ್ ಎಂದು ಶುರುವಾಗುವ ಫೈಲಿನಲ್ಲಿ ಸಿಗದ ಮಾಡ್ಯೂಲುಗಳ ಪಟ್ಟಿ ಇರುತ್ತದೆ. ಉದ್ದ ಇರುತ್ತದೆ, ಹೆಚ್ಚಿನವು ಬೇಕಿಲ್ಲದವು, ಆದರೂ ಓದಿ.

ಕನ್ಸೋಲ್ ಬಿಲ್ಡ್ ಓಡಿ, ಕಿಟಕಿ ಮಾತ್ರದ ಬಿಲ್ಡ್ ಬಿದ್ದರೆ? ಅದೂ ಒಂದು ಸುಳಿವೇ. ಕನ್ಸೋಲ್ ಇಲ್ಲದಾಗ ಪೈಥಾನ್‌ನ ಸ್ಟ್ಯಾಂಡರ್ಡ್ ಔಟ್‌ಪುಟ್ 'ನನ್', ಅಂದರೆ ಏನೂ ಇಲ್ಲ, ಆಗಿರುತ್ತದೆ. ಅದರ ಮೇಲೆ ನೇರವಾಗಿ ಬರೆಯಲು ಹೋಗುವ ಲೈಬ್ರರಿ ಅಲ್ಲೇ ಬೀಳುತ್ತದೆ. ಪ್ರೋಗ್ರಾಂ ಕಿಟಕಿ ಒಂದರ ಹಿಂದೆ ಒಂದು ತೆರೆಯುತ್ತಲೇ ಹೋದರೆ ಮಲ್ಟಿಪ್ರೊಸೆಸಿಂಗ್ (ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವುದು) ಬಳಸಿದ್ದೀರಿ, ಫ್ರೀಜ್ ಸಪೋರ್ಟ್ ಕರೆ ಹಾಕಿಲ್ಲ ಅಂತ ಅರ್ಥ.

ಸಂದೇಶವೇ ಬರದಿದ್ದರೆ ಮೈಕ್ರೋಸಾಫ್ಟ್ ಸಿಸ್‌ಇಂಟರ್ನಲ್ಸ್‌ನ ಪ್ರೊಸೆಸ್ ಮಾನಿಟರ್ ಹಚ್ಚುತ್ತೇನೆ. ನಿಮ್ಮ ಇಎಕ್ಸ್‌ಇ ಹೆಸರಿಗೆ ಫಿಲ್ಟರ್ ಹಾಕಿದರೆ ಅದು ಮುಟ್ಟಿದ ಪ್ರತಿ ಫೈಲೂ ಕಾಣುತ್ತದೆ. 'ನೇಮ್ ನಾಟ್ ಫೌಂಡ್' ಸಾಲುಗಳು ಸಾವಿರಗಟ್ಟಲೆ ಬರುತ್ತವೆ. ಹೆದರಬೇಡಿ, ಆರೋಗ್ಯವಾಗಿರುವ ಪ್ರೋಗ್ರಾಂನಲ್ಲೂ ಬರುತ್ತವೆ. ಪ್ರೊಸೆಸ್ ಎಕ್ಸಿಟ್ ಅನ್ನುವ ಸಾಲು ಹುಡುಕಿ, ಅಲ್ಲಿಂದ ಮೇಲಕ್ಕೆ ಓದುತ್ತಾ ಹೋಗಿ.

ಆಂಟಿವೈರಸ್ ಇಎಕ್ಸ್‌ಇಯನ್ನು ನುಂಗಿದರೆ ಒನ್‌ಫೈಲ್ ಬಿಟ್ಟು ಫೋಲ್ಡರ್ ಬಗೆಯ ಬಿಲ್ಡ್ ಕೊಡುತ್ತೇನೆ, ಯುಪಿಎಕ್ಸ್ ಅನ್ನುವ ಉಪಕರಣದಿಂದ ಕುಗ್ಗಿಸುವುದಿಲ್ಲ. ಇಷ್ಟರಲ್ಲೇ ಎಷ್ಟೋ ಕಡೆ ಸರಿಹೋಗಿದೆ. ಉಳಿದದ್ದಕ್ಕೆ ಆ ಆಂಟಿವೈರಸ್ ಕಂಪನಿಗೆ ಫೈಲ್ ಕಳುಹಿಸಿ ತಪ್ಪು ಗುರುತು ತೆಗೆಸಬೇಕು. ಅಂಗಡಿಯವರಿಗೆ ಆಂಟಿವೈರಸ್ ಆಫ್ ಮಾಡಿ ಅಂತ ಯಾವತ್ತೂ ಹೇಳಬಾರದು. ಅದೇ ಕಂಪ್ಯೂಟರಿನಲ್ಲಿ ಅವರ ಬ್ಯಾಂಕ್ ಕೆಲಸವೂ ನಡೆಯುತ್ತದೆ.

ಈಗ ಯಾವ ಬಿಲ್ಡನ್ನೂ ಖಾಲಿ ವಿಂಡೋಸ್‌ನಲ್ಲಿ ಓಡಿಸದೆ ಹೊರಗೆ ಬಿಡುವುದಿಲ್ಲ. ವಿಂಡೋಸ್ 10 ಮತ್ತು 11ರ ಪ್ರೊ ಆವೃತ್ತಿಯಲ್ಲಿ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇದೆ, ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಹೋಮ್ ಆವೃತ್ತಿ ಇದ್ದವರು ವರ್ಚುವಲ್‌ಬಾಕ್ಸ್ ಹಾಕಿಕೊಳ್ಳಬಹುದು. ಅದರಲ್ಲಿ ಅಡ್ಮಿನ್ ಅಲ್ಲದ ಬಳಕೆದಾರ ಒಬ್ಬನನ್ನು ಮಾಡಿ, ಹೆಸರನ್ನು ಕನ್ನಡದಲ್ಲೇ ಇಡಿ, ನಡುವೆ ಒಂದು ಸ್ಪೇಸ್ ಇರಲಿ. ಪಾತ್‌ನ (ಫೈಲ್ ಇರುವ ವಿಳಾಸದ) ಬಗ್‌ಗಳು ಅಲ್ಲೇ ಹೊರಬೀಳುತ್ತವೆ.

ಲಾಗ್ ಫೈಲಿನ ಮೊದಲ ಸಾಲುಗಳಲ್ಲಿ ಪ್ರೋಗ್ರಾಂ ತನ್ನ ಆವೃತ್ತಿ, ವಿಂಡೋಸ್ ಆವೃತ್ತಿ, ಇಎಕ್ಸ್‌ಇ ಇರುವ ಜಾಗ, ಡೇಟಾ ಫೋಲ್ಡರ್, ಕರೆಂಟ್ ಡೈರೆಕ್ಟರಿ (ಆ ಹೊತ್ತಿಗೆ ಪ್ರೋಗ್ರಾಂ ನಿಂತಿರುವ ಫೋಲ್ಡರ್), ಎನ್‌ಕೋಡಿಂಗ್ ಇಷ್ಟನ್ನು ಬರೆಯುತ್ತದೆ. ಕರೆಂಟ್ ಡೈರೆಕ್ಟರಿ ಯಾಕೆ ಅಂದರೆ, ಟಾಸ್ಕ್ ಷೆಡ್ಯೂಲರ್‌ನಿಂದ ಎದ್ದ ಪ್ರೋಗ್ರಾಂ ತಾನು ಸಿಸ್ಟಂ32 ಒಳಗೆ ನಿಂತಿದ್ದೇನೆ ಅಂದುಕೊಂಡಿರುತ್ತದೆ. ಹಿಡಿಯದೆ ಬಿಟ್ಟ ಎಲ್ಲಾ ಎಕ್ಸೆಪ್ಷನ್‌ಗಳೂ (ಓಡುವಾಗ ಬರುವ ದೋಷಗಳು) ಅದೇ ಲಾಗಿಗೆ ಹೋಗುತ್ತವೆ, ಥ್ರೆಡ್ಡಿನೊಳಗಿನವೂ ಸೇರಿ. ಸಹಾಯ ಮೆನುವಿನಲ್ಲಿ 'ದೋಷ ವರದಿ' ಅನ್ನುವ ಬಟನ್ ಇದೆ. ಒತ್ತಿದರೆ ಲಾಗ್ ಜಿಪ್ ಆಗಿ ಡೆಸ್ಕ್‌ಟಾಪಿನಲ್ಲಿ ಕೂರುತ್ತದೆ, ಅಂಗಡಿಯ ಹುಡುಗ ವಾಟ್ಸ್‌ಆಪ್‌ನಲ್ಲಿ ಕಳುಹಿಸುತ್ತಾನೆ. ಲಾಗಿನಲ್ಲಿ ಬಿಲ್ಲಿನ ನಂಬರ್ ಮಾತ್ರ ಇರುತ್ತದೆ. ಗಿರಾಕಿಯ ಹೆಸರು, ಫೋನ್, ಬಾಕಿ ಮೊತ್ತ ಯಾವುದೂ ಅದಕ್ಕೆ ಹೋಗದಂತೆ ನೋಡಿಕೊಂಡಿದ್ದೇನೆ, ಅವು ಅಂಗಡಿಯಿಂದ ಹೊರಗೆ ಬರಬೇಕಾದ ವಿಷಯಗಳಲ್ಲ.