‘ಡಾಕ್ಟರ್ ಇನ್ ದಿ ಹೌಸ್’ ನೋಡುವ ಮುಂಚೆ

ನಾನು ಲ್ಯಾಬ್ ಟೆಕ್ನೀಷಿಯನ್. 1954ರ ಈ ಬ್ರಿಟಿಷ್ ಹಾಸ್ಯ ಸಿನಿಮಾವನ್ನು ಯಾರಿಗಾದರೂ ತೋರಿಸುವ ಮುಂಚೆ ಅವರಿಗೆ ಒಂದು ರಕ್ತ ಪರೀಕ್ಷೆಯ ವಿಷಯ ಹೇಳಿಬಿಡುತ್ತೇನೆ. ನೀವೂ ಹಾಗೇ ಮಾಡಿ.

ಹಳೆಯ ವಿಧಾನದಲ್ಲಿ ಕಿವಿಯ ಹಾಲೆಗೆ ಸೂಜಿಯಿಂದ ಸಣ್ಣಗೆ ಚುಚ್ಚುತ್ತಿದ್ದರು. ಅರ್ಧ ನಿಮಿಷಕ್ಕೊಮ್ಮೆ ಫಿಲ್ಟರ್ ಪೇಪರನ್ನು ಆ ರಕ್ತದ ಹನಿಗೆ ತಾಗಿಸಬೇಕು. ಗಾಯ ಒತ್ತಬಾರದು, ಒರೆಸಬಾರದು. ಪೇಪರಿನ ಮೇಲೆ ಕೆಂಪು ಚುಕ್ಕೆಗಳು ಸಾಲಾಗಿ ಬೀಳುತ್ತವೆ, ಒಂದಕ್ಕಿಂತ ಒಂದು ಚಿಕ್ಕದು. ಕೊನೆಗೆ ಕಲೆಯೇ ಬೀಳುವುದಿಲ್ಲ. ಅಲ್ಲಿಯವರೆಗೆ ಹಿಡಿದ ಸಮಯವೇ ‘ಬ್ಲೀಡಿಂಗ್ ಟೈಮ್’. ಜೊತೆಗೆ, ಬ್ರಿಟನ್ನಿನಲ್ಲಿ ‘ಬ್ಲೀಡಿಂಗ್’ ಅನ್ನುವುದು ಸಿಟ್ಟು ಬಂದಾಗ ಬಾಯಿಗೆ ಬರುವ ಸಣ್ಣ ಬೈಗುಳ ಕೂಡ ಅಂತ ಹೇಳಿ. ಅಲ್ಲಿಗೆ ಸಾಕು. ಸಿನಿಮಾ ನಿಲ್ಲಿಸಿ ವಿವರಿಸಲು ಹೋದರೆ ಯಾರೂ ನಗುವುದಿಲ್ಲ.

ಈಗ ವಾರ್ಡ್ ರೌಂಡ್ಸ್ ದೃಶ್ಯಕ್ಕೆ ಕಾಯಿರಿ. ಸರ್ಜನ್ ಸರ್ ಲ್ಯಾನ್ಸೆಲಾಟ್ ಸ್ಪ್ರಾಟ್ ಬರುತ್ತಾರೆ. ಗಡ್ಡ, ದೊಡ್ಡ ದೇಹ, ಇಡೀ ವಾರ್ಡ್ ನಡುಗುವಂಥ ಗಂಟಲು. ಜೇಮ್ಸ್ ರಾಬರ್ಟ್‌ಸನ್ ಜಸ್ಟಿಸ್ ಅವರ ಪಾತ್ರ. ಬ್ಲೀಡಿಂಗ್ ಟೈಮ್ ಎಷ್ಟು ಅಂತ ಗುಡುಗುತ್ತಾರೆ. ವಿದ್ಯಾರ್ಥಿಯ ಉತ್ತರ: ಈಗ ಹತ್ತು ಗಂಟೆ ಹತ್ತು ನಿಮಿಷ, ಸರ್. ಮೊದಲ ಸಲ ನಗಾಡಿ. ಎರಡನೇ ಸಲ ನೋಡುವಾಗ ಹಾಸಿಗೆಯ ಮೇಲಿರುವ ರೋಗಿಯನ್ನು ಗಮನಿಸಿ. ಅವನ ಹೊಟ್ಟೆಯ ಬಗ್ಗೆಯೇ ಮಾತು, ಅವನನ್ನು ಮಾತ್ರ ಕೇಳುವವರಿಲ್ಲ. ನನಗಂತೂ ಅದೇ ಜಾಸ್ತಿ ಇಷ್ಟ.

ನಾಯಕ ಸೈಮನ್ ಸ್ಪ್ಯಾರೋ, ಅಂದರೆ ಡರ್ಕ್ ಬೊಗಾರ್ಡ್, ಚೆನ್ನಾಗಿದ್ದಾರೆ. ಆದರೆ ಕಣ್ಣು ಸಹಪಾಠಿ ಗ್ರಿಮ್ಸ್‌ಡೈಕ್ ಮೇಲಿರಲಿ. ಅಜ್ಜಿ ಬಿಟ್ಟುಹೋದ ಹಣ ಅವನಿಗೆ ಸಿಗುವುದು ಮೆಡಿಕಲ್ ವಿದ್ಯಾರ್ಥಿ ಆಗಿರುವಷ್ಟು ಕಾಲ ಮಾತ್ರ. ಮತ್ತೆ ಪಾಸಾಗಲು ಅವನಿಗೇನು ಹುಚ್ಚಾ? ಆ ಪಾತ್ರಕ್ಕೆ ಕೆನೆತ್ ಮೋರ್‌ಗೆ ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಬಂತು.

ಆಸ್ಪತ್ರೆ ಸೇಂಟ್ ಸ್ವಿದಿನ್ಸ್ ಕಲ್ಪನೆಯದು. ಹೊರಗಿನಿಂದ ಕಾಣುವ ಕಂಬಗಳ ಕಟ್ಟಡ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್. ಮೂಲ ಕಾದಂಬರಿ ಬರೆದ ರಿಚರ್ಡ್ ಗಾರ್ಡನ್ ಅರಿವಳಿಕೆ ವೈದ್ಯರಾಗಿದ್ದವರು, ಆಸ್ಪತ್ರೆಯ ಒಳಗಿನ ದರ್ಜೆ, ದರ್ಪ ಎಲ್ಲ ಗೊತ್ತಿದ್ದವರು. ರಗ್ಬಿ ಗಲಾಟೆ ಬಂದಾಗ ಕಾಫಿ ಮಾಡಿಕೊಂಡು ಬನ್ನಿ, ಏನೂ ತಪ್ಪುವುದಿಲ್ಲ. ನರ್ಸ್‌ಗಳ ಬೆನ್ನು ಹತ್ತುವ ಜೋಕುಗಳೂ ಹಳಸಿವೆ.

ಈ ಸರಣಿಯಲ್ಲಿ ಒಟ್ಟು 7 ಸಿನಿಮಾಗಳಿವೆ, ಕೊನೆಯದು 1970ರದ್ದು. ಸ್ಪ್ರಾಟ್ ಬೇಕು ಅಂತಿದ್ದರೆ 1955ರ ‘ಡಾಕ್ಟರ್ ಅಟ್ ಸೀ’ ಬಿಟ್ಟು 1957ರ ‘ಡಾಕ್ಟರ್ ಅಟ್ ಲಾರ್ಜ್’ಗೆ ಹೋಗಿ. ‘ಅಟ್ ಸೀ’ಯಲ್ಲಿ ಜಸ್ಟಿಸ್ ಇದ್ದಾರೆ, ಆದರೆ ಹಡಗಿನ ಕ್ಯಾಪ್ಟನ್ ಆಗಿ.