ಕೆಲಸ ಬದಲಿಸುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಹೊಸ ಕೆಲಸ ಹುಡುಕುತ್ತಿರುವವರಿಗೆ ಒಂದು ಸಲಹೆ. ರೆಸ್ಯೂಮ್ ತಿದ್ದುವ ಮೊದಲು, ಹಿಂದೆ ಮಾಡಿದ ಒಂದೊಂದು ಕೆಲಸಕ್ಕೂ ನೋಟ್‌ಬುಕ್‌ನಲ್ಲಿ ಒಂದು ಪುಟ ಇಡಿ. ಅಲ್ಲಿ ಏನು ಕಲಿತಿರಿ, ಯಾರಿಂದ ಕಲಿತಿರಿ, ಅಷ್ಟೇ ಬರೆಯಿರಿ.

ನಾನು ಮೊದಲು ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿದ್ದೆ. ಅಲ್ಲಿನ ಹಿರಿಯರೊಬ್ಬರು ಸೀರೆ ಬಿಚ್ಚಿದರೆ ಸೆರಗಿಗಿಂತ ಮೊದಲು ನೂಲು ಎದ್ದಿರುವ ಜಾಗ ತೋರಿಸುತ್ತಿದ್ದರು. 'ದೋಷ ಇದ್ರೆ ನಾವೇ ಹೇಳ್ಬೇಕು, ಗಿರಾಕಿ ಮನೆಗೆ ಹೋಗಿ ನೋಡಬಾರದು' ಅನ್ನುತ್ತಿದ್ದರು. ಈಗ ನನ್ನದು ಅಕೌಂಟ್ಸ್ ಕೆಲಸ. ಲೆಕ್ಕ ತಪ್ಪಿದರೆ ಮೊದಲು ನಾನೇ ಹೇಳುತ್ತೇನೆ. ಅದು ಅವರು ಕೊಟ್ಟ ಅಭ್ಯಾಸ. ಕಳೆದ ದೀಪಾವಳಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಅವರಿಗೆ ಮಾತೇ ಹೊರಡಲಿಲ್ಲ. ನೀವೂ ಒಬ್ಬರಿಗಾದರೂ ಹೇಳಿ. ಮೆಸೇಜ್ ಬೇಡ, ಫೋನ್ ಮಾಡಿ.

ಅದೇ ಪುಟದಲ್ಲಿ ಕೆಲಸಕ್ಕೆ ಸೇರಿದ, ಬಿಟ್ಟ ದಿನಾಂಕವೂ ಇರಲಿ. ಪಿಎಫ್‌ಗೆ ಅದು ಬೇಕಾಗುತ್ತದೆ. ಹಳೇ ಪಿಎಫ್ ಅನ್ನು ಆತುರದಲ್ಲಿ ತೆಗೆಯಬೇಡಿ, ಅದೇ ಯುಎಎನ್‌ನಲ್ಲಿ (ಕೆಲಸ ಬದಲಿಸಿದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಹೊಸ ಖಾತೆಗೆ ವರ್ಗಾಯಿಸಿ. ಪಿಎಫ್ ಜೊತೆಗೇ ಬರುವ ಪಿಂಚಣಿ ಯೋಜನೆ ಇಪಿಎಸ್. ಅದರ ಪಿಂಚಣಿ ಸಿಗಲು ಒಟ್ಟು 10 ವರ್ಷದ ಸೇವೆ ಇರಬೇಕು. ಪಿಂಚಣಿ ಭಾಗದ ಹಣ ತೆಗೆದುಬಿಟ್ಟರೆ, ಅಷ್ಟು ವರ್ಷ ದುಡಿದದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ.