ನೀರಿಲ್ಲದ ಕೂಲಂಟ್ ಹಾಕಿ, ಮತ್ತೆ ತೆಗೆದ ಕಥೆ

ನನ್ನ ಹತ್ತಿರ 1991ರ ಮಾಜ್ದಾ ಎಂಎಕ್ಸ್-5 ಇದೆ. 1.6 ಲೀಟರ್ ಇಂಜಿನ್, ಎರಡೇ ಸೀಟು, ಮಡಚುವ ಬಟ್ಟೆಯ ಹುಡ್. ಇಂಗ್ಲೆಂಡಿನ ಸ್ವಿಂಡನ್‌ಗೆ ಕೆಲಸಕ್ಕೆ ಬಂದ ಎರಡನೇ ವರ್ಷ ತಗೊಂಡೆ. ವಾರವೆಲ್ಲ ಶೆಡ್ಡಿನಲ್ಲಿ ನಿಂತಿರುತ್ತದೆ. ಭಾನುವಾರ ಹಳ್ಳಿ ರಸ್ತೆ, ವರ್ಷಕ್ಕೆ ಮೂರ್ನಾಲ್ಕು ಸಲ ಕ್ಯಾಸಲ್ ಕೂಂಬ್ ರೇಸ್ ಸರ್ಕ್ಯೂಟ್.

2022ರ ಜುಲೈ. ಬ್ರಿಟನ್‌ನಲ್ಲಿ ಮೊದಲ ಸಲ 40 ಡಿಗ್ರಿ ದಾಟಿದ ತಿಂಗಳು. ಸರ್ಕ್ಯೂಟಿನಲ್ಲಿ ಆರನೇ ಸುತ್ತಿಗೆ ಟೆಂಪರೇಚರ್ ಮುಳ್ಳು ಮೇಲೇರಿತು. ಒಳಗೆ ತಂದು ನಿಲ್ಲಿಸಿದರೆ ಓವರ್‌ಫ್ಲೋ ಬಾಟಲಿಯಲ್ಲಿ ಅನ್ನದ ಎಸರಿನ ಹಾಗೆ ಕೊತಕೊತ ಕುದಿಯುತ್ತಿತ್ತು. ಪಕ್ಕದ ಕಾರಿನವರು ಬಂದು ನೋಡಿ, ವಾಟರ್‌ಲೆಸ್ ಕೂಲಂಟ್ (ಇಂಜಿನ್ ತಂಪಾಗಿಡುವ, ನೀರಿಲ್ಲದ ದ್ರವ) ಹಾಕಿಬಿಡಿ, ಅದು ಕುದಿಯೋದೇ ಇಲ್ಲ ಅಂದರು. ಅವತ್ತು ರಾತ್ರಿಯೇ ಆರ್ಡರ್ ಮಾಡಿದೆ. ಕುದಿದದ್ದು ಯಾಕೆ ಅಂತ ಹುಡುಕಲಿಲ್ಲ. ಅದೇ ನನ್ನ ಮೊದಲ ತಪ್ಪು.

ಈ ಕೂಲಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್, ಪ್ರೊಪಿಲೀನ್ ಗ್ಲೈಕಾಲ್, ತುಕ್ಕು ತಡೆಯುವ ಒಂದಿಷ್ಟು ರಾಸಾಯನಿಕ ಇರುತ್ತದೆ. ನೀರು ಇಲ್ಲ. 180 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಸಾಮಾನ್ಯ ಕೂಲಂಟ್ ಇದ್ದಾಗ ಹೆಡ್‌ನ (ಇಂಜಿನ್ನಿನ ಮೇಲ್ಭಾಗ) ಒಳಗೆ, ಸುಟ್ಟ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುತ್ತ ನೀರು ಆವಿಯಾಗಬಹುದು. ಆ ಆವಿಯ ಗುಳ್ಳೆ ಅಲ್ಲೇ ಕೂತುಬಿಟ್ಟರೆ ಲೋಹಕ್ಕೆ ದ್ರವ ತಾಗುವುದಿಲ್ಲ, ಬಿಸಿ ಇಳಿಯುವುದಿಲ್ಲ. ನೀರೇ ಇಲ್ಲ ಅಂದ್ರೆ ಆ ಕಾಟ ಇಲ್ಲ. ಒತ್ತಡವೂ ಅಷ್ಟಾಗಿ ಏರುವುದಿಲ್ಲ, ಹಳೇ ಹೋಸ್ ಪೈಪುಗಳಿಗೆ ಆರಾಮ. ಇದೆಲ್ಲ ನಿಜವೇ. ಯಾರೂ ನನಗೆ ಸುಳ್ಳು ಹೇಳಲಿಲ್ಲ.

ಹಾಕುವುದಕ್ಕೆ ಶನಿವಾರ, ಭಾನುವಾರ ಎರಡೂ ಹೋದವು. ಒಳಗೆ ಉಳಿಯುವ ನೀರು 3 ಪರ್ಸೆಂಟ್ ಮೀರಬಾರದು ಅಂತ ಡಬ್ಬಿ ಮೇಲೇ ಬರೆದಿದೆ. ಈ ಕಾರಿಗೆ ಹಿಡಿಯೋದು ಆರು ಲೀಟರ್. ಅದರಲ್ಲಿ 3 ಪರ್ಸೆಂಟ್ ಅಂದ್ರೆ 180 ಮಿಲಿ, ಒಂದು ಸಣ್ಣ ಲೋಟ. ರೇಡಿಯೇಟರ್ ಖಾಲಿ ಮಾಡಿದೆ, ಬ್ಲಾಕಿನ ಡ್ರೇನ್ ಬೋಲ್ಟ್ ಬಿಚ್ಚಿದೆ. ಆಮೇಲೆ ಹೀಟರ್ ಪೈಪಿಗೆ ಎಲೆ ಊದುವ ಬ್ಲೋವರ್ ಹಿಡಿದರೆ ಇನ್ನೂ ಅರ್ಧ ಲೀಟರ್ ಬುಳಬುಳ ಅಂತ ಬಂತು! ಕೊನೆಗೆ ನೀರು ಹೀರುವ ಪ್ರೆಪ್ ದ್ರವ ತುಂಬಿ, ಇಂಜಿನ್ ಓಡಿಸಿ, ಅದನ್ನೂ ಚೆಲ್ಲಿ, ಹೊಸದು ಹಾಕಿದೆ. ಕಬ್ಬಿನ ಹಾಲಿನ ಸಿಹಿ ಅಳೆಯೋಕೆ ಒಂದು ಕಣ್ಣಿಟ್ಟು ನೋಡ್ತಾರಲ್ಲ, ಆ ರಿಫ್ರಾಕ್ಟೋಮೀಟರಿನಲ್ಲೇ ಇದರ ನೀರನ್ನೂ ಅಳೆಯಬಹುದು. ಎರಡು ಹನಿ ಬಿಟ್ಟು ನೋಡಿದೆ, ಪಾಸಾಗಿತ್ತು. ಎಲ್ಲ ಸೇರಿ 120 ಪೌಂಡ್ ಹತ್ತಿರ ಖರ್ಚು.

ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಸರ್ಕ್ಯೂಟ್. ಈ ಸಲ ಥರ್ಮೋಸ್ಟಾಟ್ (ಇಂಜಿನ್ನಿಂದ ಕೂಲಂಟ್ ಹೊರಬರುವ ದಾರಿಯ, ಬಿಸಿಗೆ ತೆರೆಯುವ ವಾಲ್ವ್) ಹತ್ತಿರ ಬೇರೆ ಸೆನ್ಸರ್ ಹಾಕಿ, ಅಂಕಿ ತೋರಿಸುವ ಗೇಜ್ ಕೂರಿಸಿದ್ದೆ. ಗಾಡಿ ಕುದಿಯಲಿಲ್ಲ. ಸುತ್ತು ಮುಗಿಸಿ ಬಂದು ಮೇಲಿನ ಹೋಸ್ ಹಿಸುಕಿದರೆ ಮೆತ್ತಗಿತ್ತು, ನನಗಂತೂ ಖುಷಿಯೋ ಖುಷಿ. ಆದರೆ ಗೇಜ್ 105 ತೋರಿಸುತ್ತಿತ್ತು. ತಂಪು ದಿನ, ಮೋಡ ಬೇರೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಣ್ಣಗೆ ಟಿಂಗ್ ಟಿಂಗ್ ಅನ್ನುವ ಸದ್ದು. ಅದು ನಾಕಿಂಗ್, ಅಂದ್ರೆ ಬಿಸಿ ಹೆಚ್ಚಾಗಿ ಸಿಲಿಂಡರಿನ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳುವ ಸದ್ದು. ಈ ಕಾರಿಗೆ ನಾಕ್ ಸೆನ್ಸರ್ ಇಲ್ಲ, ನಮ್ಮ ಕಿವಿಯೇ ಸೆನ್ಸರ್.

ಮನೆಗೆ ಬಂದು ಪುಸ್ತಕ ತೆಗೆದು ಲೆಕ್ಕಕ್ಕೆ ಕೂತೆ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.2 ಕಿಲೋಜೌಲ್ ಬೇಕು, ಗ್ಲೈಕಾಲಿಗೆ 2.4 ಸಾಕು. ಅಂದ್ರೆ ಪಂಪು ಅಷ್ಟೇ ದ್ರವ ತಳ್ಳಿದರೂ ಅದು ಹೊತ್ತು ತರುವ ಬಿಸಿ ಕಡಿಮೆ. ಮೇಲಿಂದ ಗ್ಲೈಕಾಲ್ ಮಂದ, ಲೋಹದಿಂದ ಬಿಸಿ ಎಳೆದುಕೊಳ್ಳುವುದರಲ್ಲೂ ನೀರಿಗಿಂತ ಹಿಂದೆ. ನಾನು ಕುದಿಯೋದನ್ನು ನಿಲ್ಲಿಸಿದ್ದೆ, ಬಿಸಿಯನ್ನಲ್ಲ. ಇನ್ನೊಂದು ಮಾತು. ಒಂದು ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರೇ 120 ಡಿಗ್ರಿಗೆ ಕುದಿಯೋದು, ಅರ್ಧಕ್ಕರ್ಧ ಕೂಲಂಟ್ ಬೆರೆಸಿದರೆ 130ರ ಹತ್ತಿರ. ನನ್ನ ಇಂಜಿನ್ 130 ಮುಟ್ಟಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಕಥೆ ಅಲ್ಲಿಗೇ ಮುಗಿಯಿತು. ಅದರಿಂದ 180ರವರೆಗೆ ಇರುವ ಆ 50 ಡಿಗ್ರಿ ಕಟ್ಟಿಕೊಂಡು ನಾನೇನು ಮಾಡಲಿ?

ಇಷ್ಟಾದರೂ ತೆಗೆಯಲಿಲ್ಲ. ದುಡ್ಡು ಹಾಕಿದ್ದೀನಲ್ಲ ಅನ್ನೋ ಹಟ.

ಮುಂದಿನ ವರ್ಷ ಮೇ ತಿಂಗಳಲ್ಲಿ ವೇಲ್ಸ್‌ಗೆ ಹೋಗಿದ್ದೆ. ಎಲಾನ್ ಕಣಿವೆಯಲ್ಲಿ ಹೀಟರ್ ಹೋಸ್ ಕ್ಲಿಪ್ಪಿನ ಪಕ್ಕ ಸೀಳಿ, ಎರಡು ಲೀಟರಿನಷ್ಟು ರಸ್ತೆಗೆ ಸುರಿಯಿತು. ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದೆ, ಅದು ಹತ್ತು ನಿಮಿಷದ ಕೆಲಸ. ತುಂಬೋಕೆ ಏನಿದೆ? ಈ ಕೂಲಂಟ್ ಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಸಿಗುವಂಥದ್ದಲ್ಲ. ಸುತ್ತಮುತ್ತ ಬರ್ಮಿಂಗ್‌ಹ್ಯಾಮ್ ಊರಿಗೇ ನೀರು ಕೊಡುವ ಜಲಾಶಯಗಳು. ನಾನು ಮಾತ್ರ ಒಂದು ಲೋಟ ನೀರು ಹಾಕುವ ಹಾಗಿಲ್ಲ ಅಂತ ಬಾನೆಟ್ ತೆಗೆದು ನಿಂತಿದ್ದೆ.

ಸಕಲೇಶಪುರಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಅಂಬಾಸಿಡರ್ ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ಶಿರಾಡಿ ಘಾಟ್ ಹತ್ತಿ ಇಳಿದವರು ಅವರು. ಎಲ್ಲ ಕೇಳಿಸಿಕೊಂಡು, "ಅಲ್ವೋ, ನೀರು ಹಾಕೋಕಾಗದ ರೇಡಿಯೇಟರ್ ಅದ್ಯಾವ ಸೀಮೆದೋ? ಸುಮ್ನೆ ಹಾಕೋ, ಮನೆ ಸೇರ್ಕೋ" ಅಂದರು.

ಹಾಕಿದೆ. ನೀರು ಬೆರೆತರೆ ಇಂಜಿನ್‌ಗೇನೂ ಆಗುವುದಿಲ್ಲ. ಕೊಟ್ಟ 120 ಪೌಂಡ್‌ನ ಗುಣ ಹೋಗುತ್ತದೆ, ಅಷ್ಟೇ. ತಮಾಷೆ ಏನಪ್ಪಾ ಅಂದ್ರೆ, ಮೂರನೇ ಒಂದು ಭಾಗ ನೀರು ಸೇರಿದ ಮೇಲೆ ವಾಪಸ್ ಬರುವ ದಾರಿಯ ಏರುಗಳಲ್ಲಿ ಗೇಜ್ ಹೋಗುವಾಗ ಇದ್ದದ್ದಕ್ಕಿಂತ ಆರು ಡಿಗ್ರಿ ಕೆಳಗೇ ಇತ್ತು.

ಆ ವಾರವೇ ಎಲ್ಲ ಚೆಲ್ಲಿ, ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೂತೆ. ರೇಡಿಯೇಟರ್ ಕ್ಯಾಪಿನ ರಬ್ಬರ್ ಕಲ್ಲಾಗಿತ್ತು, ಒತ್ತಡವೇ ಹಿಡಿಯುತ್ತಿರಲಿಲ್ಲ. ಜುಲೈಯಲ್ಲಿ ಕುದಿದದ್ದು ಅದಕ್ಕೇ. ರೇಡಿಯೇಟರಿನ ಕೆಳಗಿನ ಅರ್ಧ ಫಿನ್‌ಗಳು ಕೈ ತಾಗಿದರೆ ಪುಡಿಯಾಗುತ್ತಿದ್ದವು. ಕ್ಯಾಪು, ರೇಡಿಯೇಟರು ಎರಡೂ ಹೊಸದು ಹಾಕಿದೆ. ಆಮೇಲೆ ಥರ್ಮೋಸ್ಟಾಟನ್ನು ಹೆಡ್‌ನ ಹಿಂಭಾಗಕ್ಕೆ ಒಯ್ದೆ. ಇದು ಮೂಲದಲ್ಲಿ ಮುಂದಿನ ಚಕ್ರ ಎಳೆಯುವ ಕಾರಿಗೆ ಅಡ್ಡ ಕೂರಿಸಿದ್ದ ಇಂಜಿನ್. ಇಲ್ಲಿ ಉದ್ದಕ್ಕೆ ತಿರುಗಿ ಕೂತಿದೆ. ಕೂಲಂಟ್ ಒಳಗೆ ಹೋಗೋದೂ ಮುಂದಿಂದ, ಹೊರಗೆ ಬರೋದೂ ಮುಂದಿಂದ. ಹಾಗಾಗಿ ಹಿಂದಿರುವ ನಾಲ್ಕನೇ ಸಿಲಿಂಡರಿಗೆ ಸಿಗೋದು ಕಡಿಮೆ. ರಸ್ತೆ ಓಟಕ್ಕೆ ತೊಂದರೆಯಿಲ್ಲ, ಟ್ರ್ಯಾಕ್ ಓಡಿಸುವವರು ಬಹಳ ಜನ ಇದನ್ನು ಬದಲಾಯಿಸುತ್ತಾರೆ. ಈಗ ಅರ್ಧಕ್ಕರ್ಧ ಸಾಮಾನ್ಯ ಕೂಲಂಟ್. ಹೋದ ಬೇಸಿಗೆಯಲ್ಲಿ ಕ್ಯಾಸಲ್ ಕೂಂಬ್‌ನಲ್ಲಿ 94 ದಾಟಲಿಲ್ಲ.

ಹಾಗಂತ ಆ ಕೂಲಂಟ್ ದಂಡ ಅಂತ ನಾನು ಹೇಳೋದಿಲ್ಲ. ಒತ್ತಡದ ಕ್ಯಾಪೇ ಇಲ್ಲದ ಹಳೇ ಕಾಲದ ಕಾರುಗಳಲ್ಲಿ ನೀರು 100ಕ್ಕೇ ಕುದಿಯುತ್ತದೆ. ತಿಂಗಳುಗಟ್ಟಲೆ ನಿಂತು ಒಳಗೊಳಗೇ ತುಕ್ಕು ಹಿಡಿಯುತ್ತವೆ. ಅಂಥದ್ದಕ್ಕೆ ನಾನೂ ಹಾಕುತ್ತೇನೆ. ಟ್ರ್ಯಾಕಿಗೆ ಹೋಗುವವರು ಮಾತ್ರ ಮೊದಲು ಅಲ್ಲಿಯ ನಿಯಮ ಕೇಳಿಕೊಳ್ಳಿ. ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ, ತೊಳೆಯೋದೂ ಕಷ್ಟ ಅಂತ ಕೆಲವು ರೇಸ್ ಸಂಘಟಕರು ಅದನ್ನು ಒಳಗೇ ಬಿಡುವುದಿಲ್ಲ.

ಉಳಿದ ಅರ್ಧ ಡಬ್ಬಿ ಇನ್ನೂ ಶೆಡ್ಡಿನಲ್ಲಿದೆ. ಎಥಿಲೀನ್ ಗ್ಲೈಕಾಲ್ ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ಪಕ್ಕದ ಮನೆ ನಾಯಿ ಎಲ್ಲಾದಕ್ಕೂ ಮೂಗು ತೂರಿಸುತ್ತದೆ, ಅದಕ್ಕೇ ಮೇಲಿನ ಹಲಗೆ ಮೇಲೆ ಎತ್ತಿಟ್ಟಿದ್ದೇನೆ.